ಗೋಡೆಯ ಮೇಲಿನ ಅಳಿವೆ

ನಮ್ಮ ಹೊನ್ನಾವರದ ಹೈಸ್ಕೂಲಿನ ಭೂಗೋಳದ ಮಾಸ್ತರು ಆ ವರ್ಷ ನದಿ, ಮಣ್ಣು, ಬೆಳೆ ಎಂಬ ಪಾಠಗಳ ಸಾಲನ್ನು ಮುರಿದು, ‘ನೀರು’, ‘ಊಟ’, ‘ದಾರಿ’ ಎಂದು ಹೊಸದಾಗಿ ಜೋಡಿಸಿದರು. ಅವರಿಗಾದರೂ ಅದು ಅರ್ಥವಾಗಿತ್ತೋ ಇಲ್ಲವೋ, ಪಕ್ಕದ ಕೋಣೆಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಈಗಲೂ ತಿಳಿಯದು. ಚಾಕ್‌ಪೀಸಿನಿಂದ ಕಿವಿ ಕೆರೆದುಕೊಳ್ಳುತ್ತ ಬಂದು, “ತಡೀರಿ ಮಾರಾಯ್ರೆ, ಬಂಗಡೆ ಮೀನು ಎಲ್ಲಿಗೆ ಸೇರ್ತದೆ? ನೀರಿಗೋ, ಊಟಕ್ಕೋ?” ಎಂದು ನನ್ನ ಲೆಕ್ಕವನ್ನೂ ತಪ್ಪಿಸುತ್ತಿದ್ದರು.

‘ದಾರಿ’ ಪಾಠಕ್ಕೆಂದು ತರಗತಿಯ ಗೋಡೆಗೆ ಪೇಂಟಿನಲ್ಲಿ ಶರಾವತಿಯ ನಕ್ಷೆ ಬರೆದರು. ನದಿ ಸಮುದ್ರ ಸೇರುವಲ್ಲಿ ದೋಣಿಗಳು ದಾಟಿ ಹೋಗುವ ಅಳಿವೆಯನ್ನು ಪುಸ್ತಕದಲ್ಲಿದ್ದಂತೆಯೇ ಬಿಡಿಸಿದರು. ಮಾವಿನಕುರ್ವೆಯ ಮೀನುಗಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ದಾರಿ ಈಗ ಅಲ್ಲಿಲ್ಲ. ಮಳೆಗಾಲದಲ್ಲಿ ಮರಳು ಜಾಗ ಬದಲಿಸ್ತದೆ. ಅಲ್ಲಿ ಹೋದ್ರೆ ದೋಣಿ ಮಗುಚ್ತದೆ. ಅಪ್ಪ ಪ್ರತಿ ವರ್ಷ ಕೋಲು ಹಾಕಿ ಆಳ ನೋಡಿಯೇ ಹೋಗೂದು.”

ಮಾಸ್ತರು ಪುಸ್ತಕ ನೋಡಿದರು, ಗೋಡೆ ನೋಡಿದರು. ಮರುದಿನ ಅಳಿವೆಯ ಮೇಲಷ್ಟೇ ಬಿಳಿ ಬಣ್ಣ ಬಳಿದಿದ್ದರು.

ಮುಂದಿನ ವರ್ಷ ಮಳೆ ನಿಂತ ವಾರ ತಪಾಸಣೆಗೆ ಬಂದ ಅಧಿಕಾರಿ ಆ ಬಿಳಿ ಜಾಗಕ್ಕೆ ಬೆರಳಿಟ್ಟರು. “ಇಲ್ಲಿ ಯಾಕೆ ಎಂತದೂ ಬರೀಲಿಲ್ಲ?”

ಮಾಸ್ತರು, ಆ ವರ್ಷವೂ ಅದೇ ಕೋಣೆಯಲ್ಲಿ ಕೂರುತ್ತಿದ್ದ ಆ ಹುಡುಗಿಯ ಕಡೆ ಕೈ ತೋರಿಸಿದರು. “ಈ ವರ್ಷ ಇವಳಪ್ಪ ಇನ್ನೂ ಆಳ ನೋಡಿ ಬರ್ಲಿಲ್ಲ ಸರ್.”