ಸಾಹೇಬರನ್ನು ಮುಂದೆ ನಿಲ್ಲಿಸಿದ್ದು

ಎಂಬತ್ತರ ದಶಕದಲ್ಲಿ ಶಕ್ತಿನಗರದ ವಿದ್ಯುತ್ ಕೇಂದ್ರಕ್ಕೆ ಯಂತ್ರ ಜೋಡಿಸಲು ವೇಲ್ಸ್ ದೇಶದವರೊಬ್ಬರು ಬಂದಿದ್ದರು. ಇಂಗ್ಲೆಂಡ್ ಬೇರೆ, ವೇಲ್ಸ್ ಬೇರೆ ಎಂದು ಸಿಕ್ಕವರಿಗೆಲ್ಲ ಬಿಡಿಸಿ ಹೇಳಿದರು. ಎಲ್ಲರೂ ಗೌರವದಿಂದ ತಲೆಯಾಡಿಸಿ ಅವರನ್ನು ಲಂಡನ್ ಸಾಹೇಬ್ರು ಎಂದೇ ಕರೆದರು.

ನಾನು ಅಲ್ಲಿನ ಸ್ಟೋರಿನಲ್ಲಿ ಗುಮಾಸ್ತ, ಊರು ದೇವದುರ್ಗ. ಒಂದು ಸಂಜೆ ಚಹಾ ಕುಡಿಯುತ್ತ ಸಾಹೇಬರು ತಾವು ಹನ್ನೊಂದು ವರ್ಷ ಸಂಬಳಕ್ಕೆ ಫುಟ್ಬಾಲ್ ಆಡಿದ್ದಾಗಿ ಹೇಳಿದರು. ಮೈದಾನದ ನಡುವೆ ಅವರ ಜಾಗ. ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ಕೊಡುವುದೇ ಕೆಲಸ. ಹೊಡೆದ ಗೋಲುಗಳನ್ನು ಬೆರಳ ಮೇಲೆ ಎಣಿಸಬಹುದಂತೆ.

"ಪೇಪರಿನಲ್ಲಿ ನನ್ನ ಹೆಸರು ಬರುತ್ತಿದ್ದದ್ದು ಕಾಲು ಮುರಿದಾಗ ಮಾತ್ರ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ರಾಯಚೂರಿನ ನಮ್ಮ ತಂಡದಲ್ಲಿ ಆ ನಡುವಿನ ಜಾಗ ನನ್ನದು. ಮುಂದಿನ ಭಾನುವಾರ ಮಾನ್ವಿಯಲ್ಲಿ ಪಂದ್ಯವಿತ್ತು, ಜಿಲ್ಲಾ ತಂಡಕ್ಕೆ ಆಟಗಾರರನ್ನು ಆರಿಸುವವರು ನೋಡಲು ಬರುವವರಿದ್ದರು. ನನಗಾಗಲೇ ಇಪ್ಪತ್ತೊಂಬತ್ತು. ಇದೊಂದು ತಪ್ಪಿದರೆ ನನ್ನ ಆಟ ಮುಗಿದಂತೆ.

ರೈಸ್ ಮಿಲ್ಲಿನ ಸಾಹುಕಾರರು ನಮ್ಮ ಕ್ಯಾಪ್ಟನ್. ಚೆಂಡು ಅವರದಾದ್ದರಿಂದ ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಅವರು ಸಾಹೇಬರನ್ನೂ ಆಡಲು ಕರೆಸಿದರು.

"ಎಲ್ಲಿ ಆಡತಿದ್ರಂತ ಕೇಳಪಾ," ಎಂದರು ನನಗೆ. ತಂಡದಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬನಿಗೇ.

ಗೊತ್ತಿದ್ದದ್ದನ್ನು ಕೇಳುವುದೇನು? "ಎಲ್ಲಿ ನಿಂತರೂ ನಡೀತದಂತ್ರೀ," ಎಂದೆ.

"ಹಂಗಾದ್ರ ಮುಂದ ನಿಂದ್ರಸು. ಅಷ್ಟು ದೂರದಿಂದ ಬಂದಾರ, ಹಿಂದ ನಿಂದ್ರಸಿದ್ರ ಮಂದಿ ಏನಂದಾರು?"

ನಮ್ಮಲ್ಲಿ ಬೀಗರನ್ನು ಪಂಕ್ತಿಯ ಮೊದಲ ಎಲೆಗೆ ಕೂರಿಸುತ್ತಾರೆ. ಫುಟ್ಬಾಲಿನ ಪದ್ಧತಿ ಬೇರೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಆದರೆ ಬಾಯಿ ಬಿಡಲಿಲ್ಲ.

ಮಾನ್ವಿಯ ಬಿಸಿಲಿನಲ್ಲಿ ಸಾಹೇಬರು ಹಾರ ಹಾಕಿಸಿಕೊಂಡು ಮುಂದೆ ಹೋಗಿ ನಿಂತರು. ಮೊದಲರ್ಧದಲ್ಲಿ ಅವರ ತನಕ ಚೆಂಡೇ ತಲುಪಲಿಲ್ಲ. ತಲುಪಿಸಬೇಕಾದವನು ನಾನೇ. ವಿರಾಮದಲ್ಲಿ ನೀರು ಕುಡಿಯುತ್ತ ಕೇಳಿದರು, "ನಾನು ಎಲ್ಲಿ ಆಡುತ್ತಿದ್ದೆನೆಂದು ಅವರಿಗೆ ಹೇಳಿದೆಯಾ?"

"ಹೇಳಿದೆ," ಎಂದೆ.

ಆಮೇಲೆ ಅವರು ಯಾರನ್ನೂ ಕೇಳದೆ ಹಿಂದೆ ಸರಿದು ನನ್ನ ಪಕ್ಕಕ್ಕೇ ಬಂದರು. ಓಡಾಟವೆಲ್ಲ ಅವರದು. ಚೆಂಡನ್ನು ಕಸಿದು, ತಿರುಗಿಸಿ, ನನ್ನ ಕಾಲಿನ ಮುಂದೆ ತಂದಿಡುತ್ತಿದ್ದರು. ನಾನು ಅದನ್ನು ಮುಂದೆ ತಳ್ಳಿದರೆ ಸಾಕು, ಜನ ಚಪ್ಪಾಳೆ ತಟ್ಟುತ್ತಿದ್ದರು. ಒಂದು ಗೋಲಿನಿಂದ ಗೆದ್ದೆವು. ಜಿಲ್ಲಾ ತಂಡದ ಪಟ್ಟಿಯಲ್ಲಿ ನನ್ನ ಹೆಸರು ಬಂತು.

"ನೋಡಿದ್ಯೇನಪಾ, ಸಾಹೇಬ್ರನ್ನ ಮುಂದ ನಿಂದ್ರಸಿದ್ದಕ್ಕ ಗೆದ್ವಿ," ಎಂದರು ಸಾಹುಕಾರರು.

ವಾಪಸು ಬರುವಾಗ ಜೀಪಿನಲ್ಲಿ ನಾಚಿಕೆ ತಡೆಯಲಾಗದೆ ಸಾಹೇಬರಿಗೆ ನಿಜ ಹೇಳಿಬಿಟ್ಟೆ.

"ಗೊತ್ತಿತ್ತು," ಎಂದರು. "ಕೊನೆಯ ವರ್ಷ ನನ್ನ ಜಾಗಕ್ಕೂ ಒಬ್ಬ ಹೊಸಬ ಬಂದ. ನನಗಿಂತ ಚೆನ್ನಾಗಿ ಆಡುತ್ತಿದ್ದ, ಬಿಟ್ಟುಕೊಟ್ಟೆ." ನನ್ನ ಕಡೆ ತಿರುಗಿದರು. "ನೀನು ಚೆನ್ನಾಗಿ ಆಡುವುದಿಲ್ಲ. ಆದರೆ ನಿನಗೆ ಅದು ಬಹಳ ಬೇಕಾಗಿತ್ತು."

ಜಿಲ್ಲಾ ತಂಡಕ್ಕೆ ನಾನು ಆಡಿದ್ದು ಒಂದೇ ಪಂದ್ಯ. ವಿರಾಮಕ್ಕೆ ಮೊದಲೇ ನನ್ನನ್ನು ಹೊರಗೆ ಕರೆದರು.