ತಿರುವದೆ ಉಳಿದ ಕೋಟು

ಲಾಂಡ್ರಿಯಲ್ಲಿ ನಮ್ಮ ಚಿಕ್ಕಮ್ಮನಿಗೆ ‘ಇಸ್ತ್ರಿ’ ಎಂದೇ ಹೆಸರು. ತಪ್ಪು ಕಂಡರೆ ಎದುರಿಗಿದ್ದವರು ಯಾರೇ ಆಗಲಿ, ಬಿಸಿ ಮುಟ್ಟಿಸದೆ ಬಿಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಅವಳು ಸರ್ಕಾರಿ ಆಸ್ಪತ್ರೆಗಳ ಹಾಸುಬಟ್ಟೆ ಮಡಚಿದಳು. ಒಂದು ಹಾಸುಬಟ್ಟೆ ಮಡಚಲು ಇಬ್ಬರು ಬೇಕು. ಕೊನೆಯ ಆರು ವರ್ಷ ಆ ಇನ್ನೊಬ್ಬಳು ನಾನು. ಕೆಲಸ ಕೊಡಿಸಿದ್ದೂ ಅವಳೇ. ಅವಳು ಗಟ್ಟಿಗಿತ್ತಿ, ನಾನು ಶುದ್ಧ ಪುಕ್ಕಲಿ.

ನಮ್ಮ ನೀಲಿ ಕೋಟಿನ ಬೆನ್ನ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಕಂಪನಿಯ ಹೆಸರಿದೆ. ಗೇಟು ದಾಟುವ ಮುಂಚೆ ಅದನ್ನು ಒಳಹೊರಗು ತಿರುವಿ ತೊಡುವುದು ಮಡಚುವ ಹೆಂಗಸರ ರೂಢಿ. ಕಲಿಸಿದವಳು ಚಿಕ್ಕಮ್ಮ. “ಗೇಟಿನಾಚೆ ನನ್ನ ಬಾಯಿ ನಂದು ಕಣೇ. ಬೆನ್ನ ಮೇಲೆ ಇನ್ನೊಬ್ಬರ ಹೆಸರು ಯಾಕೆ ಹೊರಬೇಕು?”

ಆ ಸಂಜೆ ಅವಳು ಒಂದು ತೋಳು ತಿರುವಿದ್ದಳು, ಅಷ್ಟೇ. “ಬಸ್ಸು ಹೊರಡ್ತು, ಬೇಗ ಬಾರೇ!” ಎಂದು ನಾನು ಗಂಟಲು ಹರಿದುಕೊಂಡೆ. ತೋಳನ್ನು ಮತ್ತೆ ಮೊದಲಿನಂತೆ ಎಳೆದುಕೊಂಡು ಓಡಿಬಂದಳು. ಬಸ್ಸಂತೂ ಕೈಕೊಟ್ಟಿತು. ನಿಲ್ದಾಣದಲ್ಲಿ ಹೆರಿಗೆ ಆಸ್ಪತ್ರೆ ಮುಚ್ಚುವುದರ ವಿರುದ್ಧ ಸಭೆ ನಡೆದಿತ್ತು. ಯಾರೋ ಅವಳ ಮುಂದೆ ಮೈಕು ಹಿಡಿದರು.

“ಹೆರಿಗೆ ನೋವು ಮಂತ್ರಿಗಳನ್ನ ಕೇಳ್ಕೊಂಡು ಬರುತ್ತಾ? ಆಸ್ಪತ್ರೆ ಮುಚ್ಚಿಸೋರಿಗೆ ನನ್ನ ಓಟಿಲ್ಲ!”

ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ ವಿಡಿಯೊ ಮಾಡಿಕೊಂಡರು.

ಮಾರನೆಯ ಮಧ್ಯಾಹ್ನದೊಳಗೆ ಎಲ್ಲರ ಫೋನಿನಲ್ಲೂ ಅವಳ ಬೆನ್ನು, ಬೆನ್ನ ಮೇಲೆ ಕಂಪನಿಯ ಹೆಸರು. ನಮ್ಮ ಕಂಪನಿಗೆ ಗುತ್ತಿಗೆ ಕೊಡುವುದು ಆ ಆಸ್ಪತ್ರೆ ಮುಚ್ಚಿಸಲು ಹೊರಟ ಮಂತ್ರಿಯ ಇಲಾಖೆಯೇ. ಆಫೀಸಿನಲ್ಲಿ ಫೋನು ರಿಂಗಾದಾಗಲೆಲ್ಲ ನನ್ನ ಕೈಯಿಂದ ಬಟ್ಟೆಯ ಮೂಲೆ ಜಾರುತ್ತಿತ್ತು.

“ನೆಟ್ಟಗೆ ಹಿಡಿಯೇ. ನಾನೇನು ಕಂಪನಿ ಹೆಸರು ಹೇಳಿದ್ನಾ?” ಎಂದಳು ಚಿಕ್ಕಮ್ಮ. ಆದರೆ ಮುಂದಿನ ಫೋನಿಗೆ ಅವಳ ಕಡೆಯ ಮೂಲೆಯೂ ಜಾರಿತು. ಅವಳು ಹೆದರಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ ಒಂದು ಕಾಗದ ತಂದರು. ಅವರೂ ಯಾರಿಗೋ ಹೆದರಿದ್ದರು. ಕಂಪನಿಗೆ ಮಸಿ ಬಳಿಯಲೆಂದು ಈಕೆ ಬೇಕೆಂದೇ ಕೋಟು ತಿರುವದೆ ಸಭೆಗೆ ಹೋದಳು, ಇದನ್ನು ನಾನು ಕಣ್ಣಾರೆ ಕಂಡೆ ಎಂದು ಅದರಲ್ಲಿ ಬರೆದಿತ್ತು.

“ಜೊತೇಲಿದ್ದೋಳು ನೀನೇ ಅಲ್ವಾ? ಸಹಿ ಹಾಕು. ಇಲ್ಲಾಂದ್ರೆ ಇಬ್ಬರೂ ಕೋಟು ಬಿಚ್ಚಿಟ್ಟು ಹೊರಡಿ.”

ಅವಸರ ಮಾಡಿದ್ದು ನಾನು ಎಂಬ ಒಂದು ಮಾತು ಹೇಳಬೇಕಿತ್ತು. ಚಿಕ್ಕಮ್ಮ ಹಾಸುಬಟ್ಟೆಯ ಆಚೆ ತುದಿಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಸಹಿ ಹಾಕಿದೆ.

ಅವಳು ತನ್ನ ತುದಿಯನ್ನು ನೆಲಕ್ಕೆ ಬಿಡಲಿಲ್ಲ. ಎಂದಿನಂತೆ ನನ್ನ ಕಡೆ ನಡೆದು ಬಂದು, ಎರಡೂ ಮೂಲೆಗಳನ್ನು ನನ್ನ ಕೈಗಿತ್ತು, “ಮಡಚಿ ಮುಗಿಸು” ಎಂದಳು. ಕೋಟು ಬಿಚ್ಚಿ ಮೇಜಿನ ಮೇಲಿಟ್ಟು ಹೋದಳು.

ಈಗಲೂ ಮನೆಗೆ ಬರುತ್ತಾಳೆ, ಬೈಯುತ್ತಾಳೆ, ನಗುತ್ತಾಳೆ. ಆ ಬಸ್ಸಿನ ಮಾತನ್ನು ಮಾತ್ರ ಒಮ್ಮೆಯೂ ಎತ್ತಿಲ್ಲ. ಅವಳು ಬಾಗಿಲು ತಟ್ಟಿದಾಗಲೆಲ್ಲ, ಇವತ್ತು ಎತ್ತುತ್ತಾಳೇನೋ ಎಂದು ನನ್ನ ಕೈ ಚಿಲಕದ ಮೇಲೇ ನಿಂತುಬಿಡುತ್ತದೆ.