ನೀರಗಂಟಿಯ ಮಗಳು

ನೀರಗಂಟಿಯ ಮಗಳು ಮೂವತ್ತೆರಡು ವರ್ಷದ ಮೇಲೆ ಊರಿನಲ್ಲಿ ಬಸ್ಸಿಳಿದಾಗ ತಮ್ಮ ಕೇಳಿದ, "ಅಕ್ಕ, ನೀನು ಹೇಳ್ತಿದ್ದ ಊರಿನ ಥರ ಇಲ್ವಲ್ಲ, ಕಂಡಕ್ಟರ್ ನಮ್ಮನ್ನ ಬೇರೆ ಊರಲ್ಲಿ ಇಳಿಸಿಬಿಟ್ನಾ?"

ಅವಳಿಗೂ ಅದೇ ಅನುಮಾನ. ಅಂಕುಡೊಂಕು ಬೀದಿಗಳಿದ್ದ ಕಡೆ ನೇರ ರಸ್ತೆ, ಒಂದೇ ಅಚ್ಚಿನ ಮನೆಗಳು. ಯುದ್ಧ ಊರನ್ನು ನೆಲಸಮ ಮಾಡಿತ್ತು. ಅಳಿದುಳಿದದ್ದನ್ನು ಗುತ್ತಿಗೆದಾರರು ಗುಡಿಸಿದ್ದರು.

ಊರು ಬಿಟ್ಟಾಗ ಅವಳಿಗೆ ಹನ್ನೊಂದು; ಕಂಕುಳಲ್ಲಿದ್ದ ತಮ್ಮನಿಗೆ ಹಲ್ಲೂ ಬಂದಿರಲಿಲ್ಲ. ಅಪ್ಪ ಹೊರಡಲಿಲ್ಲ. "ಇನ್ನೂ ಜನ ಇದಾರೆ, ನೀರು ಬಿಡೋರು ಯಾರು?" ಅಂದವರು ಮತ್ತೆ ಸಿಗಲೇ ಇಲ್ಲ. ಪರಸ್ಥಳದಲ್ಲಿ ಹೊಲಿಗೆ ಮಾಡಿ ಅಮ್ಮನನ್ನೂ ತಮ್ಮನನ್ನೂ ಸಾಕಿದವಳು ಅವಳೇ. ಬಟ್ಟೆಗೆ ಸೂಜಿ ಚುಚ್ಚುವಾಗೆಲ್ಲ ಮನಸ್ಸು ಇದೇ ಬೀದಿಗಳಲ್ಲಿ ಅಲೆಯುತ್ತಿತ್ತು.

ಏರು ರಸ್ತೆಯಲ್ಲಿ ನಾಲ್ವರು ಅಗೆಯುತ್ತಿದ್ದರು. ಹೊಸ ನೀರಿನ ಪೈಪು ಜೋಡಿಸಲು ನೆಲದಡಿಯ ಹಳೆಯ ವಾಲ್ವ್ ಸಿಗಬೇಕು, ನಕ್ಷೆಗಳು ಸುಟ್ಟುಹೋಗಿದ್ದವು. ಅದು ಮೂರನೇ ಗುಂಡಿ.

"ಅಲ್ಲಿಲ್ಲ," ಅಂದಳು.

ಮೇಸ್ತ್ರಿ ತಲೆಯೆತ್ತಿದ. "ನಿಮಗೆ ಹೇಗಮ್ಮ ಗೊತ್ತು?"

"ನಮ್ಮಪ್ಪ ಇಲ್ಲಿ ನೀರು ಬಿಡ್ತಿದ್ರು. ನಾನು ಅವರ ಬಾಲ."

ಮನೆಗಳು ಹೋದರೂ ಏರು ಎಲ್ಲಿಗೆ ಹೋದೀತು? ಏರಿನ ಬುಡದಲ್ಲಿದ್ದ ಹಳೇ ಸೇತುವೆಯ ಮುರುಕು ಕಂಬದಿಂದ ಚಪ್ಪಲಿ ಬಿಟ್ಟು ಹತ್ತಿದಳು. ಕಂಬದಿಂದ ವಾಲ್ವಿಗೆ ಅಪ್ಪನಿಗೆ ನಲವತ್ತು ಹೆಜ್ಜೆ, ಆಗ ಅವಳಿಗೆ ಅರವತ್ತು. ಈಗ ಅಂದಾಜಿಗೆ ಐವತ್ತಕ್ಕೆ ನಿಂತಳು. ಅಗೆದರೆ ಬರೀ ಕಲ್ಲು. ಮೇಸ್ತ್ರಿ ಮೀಸೆಯಡಿಯಲ್ಲೇ ನಕ್ಕ. ಅವಳು ನಾಲ್ಕು ಹೆಜ್ಜೆ ಹಿಂದೆ ಸರಿದು, "ಇಲ್ಲಿ ನೋಡಿ," ಅಂದಳು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಹಾರೆ ಠಣ್ಣೆಂದಿತು.

ಮಣ್ಣು ಕೆರೆದು ಬಗ್ಗಿ ನೋಡಿದ ಮೇಸ್ತ್ರಿಯ ದನಿ ಬದಲಾಯಿತು. "ಪೂರ್ತಿ ತಿರುಗಿಸಿ ತೆರೆದಿಟ್ಟಿದಾರಮ್ಮ. ಕೊನೆಗೆ ಯಾರೋ ನೀರು ಬಿಟ್ಟೇ ಹೋಗಿದಾರೆ."

ಅವಳು ಗುಂಡಿಯ ಅಂಚಿನಲ್ಲೇ ಕೂತು ಕೈ ಚಾಚಿ ವಾಲ್ವ್ ಮುಟ್ಟಿದಳು. ಅಪ್ಪ ಇಲ್ಲಿತನಕ ಬಂದಿದ್ದರು. ಇಷ್ಟು ವರ್ಷ ಅವಳಿಗೆ ಅಷ್ಟೂ ಗೊತ್ತಿರಲಿಲ್ಲ.

ತಮ್ಮ ಮೆಲ್ಲಗೆ ರಟ್ಟೆ ಹಿಡಿದು ಎಬ್ಬಿಸಿದ. "ನಮ್ಮನೆ ಎಲ್ಲಿತ್ತಕ್ಕ?"

ಅಲ್ಲಿಂದ ನಾಲ್ಕು ಮನೆ ಮೇಲಕ್ಕೆ. ಈಗ ಲಾರಿ ನಿಲ್ಲಿಸುವ ಜಾಗ. ಎಣ್ಣೆ ಸೋರಿ ಕಪ್ಪಾದ ನೆಲದ ಮೇಲೆ ಅವಳು ಕಾಲಲ್ಲಿ ಗೆರೆ ಎಳೆದಳು. "ಇದು ಹೊಸ್ತಿಲು. ಇದು ಅಡುಗೆಮನೆ. ನೀನು ಹುಟ್ಟಿದ್ದು ಈ ಮೂಲೇಲಿ."

ಗಡ್ಡ ನೆರೆಯತೊಡಗಿದ್ದ ತಮ್ಮ ಗೆರೆಯಾಚೆಯೇ ನಿಂತ. "ಒಳಗೆ ಬರಲಾ?"

"ಬಾರೋ. ನೋಡಿಕೊಂಡು, ಬಾಗಿಲು ಗಿಡ್ಡ."

ಅವನು ತಲೆ ತಗ್ಗಿಸಿ ಒಳಗೆ ಬಂದು ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. "ಕಿಟಕಿ ಯಾವ ಕಡೆಗಿತ್ತು?"

ಅವಳು ಒಂದು ಸುತ್ತು ತಿರುಗಿ ನೋಡಿದಳು. ಸುತ್ತಲೂ ಲಾರಿಗಳು.

"ಬೆಳಕು ನಿನ್ನ ತೊಟ್ಟಿಲ ಮೇಲೆ ಬೀಳ್ತಿತ್ತು," ಅಂದಳು. "ಎಲ್ಲಿಂದ ಅಂತ ಮರೆತೇಹೋಯ್ತು ಕಣೋ."